ಸಕುಟುಂಬ ಗಿರಕಿ ಮೀಮಾಂಸೆ: ಗಡಿನಾಡಿನ ನೆಲೆಯಿಂದ ಒಂದು ಬಹುಶಿಸ್ತೀಯ ಅವಲೋಕನ

1. ಪ್ರಸ್ತಾವನೆ, ವ್ಯಾಪ್ತಿ, ಮಿತಿ ಮತ್ತು ಹಾರ

ಪ್ರಸ್ತುತ ಪ್ರಬಂಧವು ಆಂಧ್ರದ ಅನಂತಪುರ ಜಿಲ್ಲೆಯ ಕಣೇಕಲ್ಲಿನಿಂದ ಬೆಂಗಳೂರು ಬಳಿಯ ಬಿಡದಿಯ ವಿಹಾರೋದ್ಯಾನದವರೆಗಿನ ಸಕುಟುಂಬ ವಿಹಾರವನ್ನು ಒಂದು ಪಠ್ಯವಾಗಿ ಓದಿಕೊಳ್ಳುವ, ಓದಿಕೊಳ್ಳುತ್ತಲೇ ಮುರಿದು ಕಟ್ಟುವ, ಕಟ್ಟುತ್ತಲೇ ಊಟದ ವಿರಾಮಕ್ಕೆ ಏಳುವ ಒಂದು ವಿನಮ್ರ ಪ್ರಯತ್ನವಾಗಿದೆ. ಗಡಿನಾಡೆಂಬುದು ಕೇಂದ್ರದ ಎದುರು ಅಂಚು ಕಟ್ಟಿಕೊಳ್ಳುವ ಪ್ರತಿಸಂಕಥನದ ಬಹುತ್ವದ ನೆಲೆ ಎಂದು ನಮ್ಮ ಕಡೆಗೆ ಬಂದ ವಿದ್ವಾಂಸರೆಲ್ಲ ಹೇಳಿಹೋಗಿದ್ದಾರೆ. ಬೆಳಗ್ಗೆ ಬಂದು, ನಮ್ಮ ಅಸ್ಮಿತೆ ಅಪಾಯದಲ್ಲಿದೆ ಎಂಬುದನ್ನು ಮಧ್ಯಾಹ್ನದ ಊಟದೊಳಗೆ ಸಾಬೀತು ಮಾಡಿ, ಶಾಲು, ಸ್ಮರಣಿಕೆ, ಹಣ್ಣಿನ ಬುಟ್ಟಿಗಳನ್ನು ಕಾರಿಗೆ ಹಾಕಿಸಿಕೊಂಡು ಕತ್ತಲಾಗುವ ಮುಂಚೆ ಚಳ್ಳಕೆರೆ ದಾಟುವವರು ಅವರು. ಅವರು ಹೋಗುವ ದಾರಿಯೇ ನಮ್ಮ ದಾರಿಯೂ ಹೌದು: ರಾಯದುರ್ಗ, ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರು, ತುಮಕೂರು, ನೆಲಮಂಗಲ. ಅವರ ಕಾರಿನಲ್ಲಿ ಒಂದು ಸೀಟು ಖಾಲಿ ಇರುತ್ತದೆಂಬುದು ಕ್ಷೇತ್ರಕಾರ್ಯದಿಂದ ತಿಳಿದುಬಂದಿದೆ. ಅದರಲ್ಲಿ ಬುಟ್ಟಿ ಕೂತಿರುತ್ತದೆ.

ಈ ಅಧ್ಯಯನದ ಪ್ರಾಕ್ಕಲ್ಪನೆ ಹೀಗಿದೆ: ವಿಹಾರೋದ್ಯಾನವೊಂದು ನಮ್ಮೂರಿಂದ ಎಷ್ಟು ದೂರವಿದೆಯೋ, ಅದರ ‘ಅಕ್ಕಪಕ್ಕದ ಪ್ರೇಕ್ಷಣೀಯ ಸ್ಥಳ’ಗಳೂ ನಮ್ಮೂರಿಂದ ಅಷ್ಟೇ ದೂರವಿರುತ್ತವೆ. ಇದನ್ನು ಸಾಧಿಸಲು ಸಂಖ್ಯಾಶಾಸ್ತ್ರ ಬೇಕಿಲ್ಲ. ಬಸ್ ಚಾರ್ಜು ಸಾಕು.

2. ಪ್ರವಾಸದ ವರ್ಗೀಕರಣ

ಪ್ರವಾಸವು ಮೂಲತಃ ಎರಡು ಬಗೆ: ಸ್ಥಾವರ ಮತ್ತು ಜಂಗಮ.

2.1 ಸ್ಥಾವರ ಪ್ರವಾಸ

ಇದರಲ್ಲಿ ಪ್ರವಾಸಿಯು ಅಲುಗುವುದಿಲ್ಲ, ಊರೇ ಹೊರಡುತ್ತದೆ. ನಮ್ಮ ಭಾಗದ ಅತಿ ದೊಡ್ಡ ಸಕುಟುಂಬ ಪ್ರವಾಸ ನಡೆದದ್ದು 1953ರ ಅಕ್ಟೋಬರ್ 1ರಂದು. ಅಂದು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು, ಉಳಿದವು ಮೈಸೂರಿಗೆ ಹೋದವು. ಅಜ್ಜ ಕಟ್ಟೆಯ ಮೇಲೆ ಕೂತಿದ್ದ ಹಾಗೇ ರಾಜ್ಯ ದಾಟಿದ. ಟಿಕೆಟ್ ಇಲ್ಲ, ಕ್ಯೂ ಇಲ್ಲ, ತಲೆ ತಿರುಗಲಿಲ್ಲ. ಅದು ಆಮೇಲೆ ಶುರುವಾಯಿತು. ಮಡಕಶಿರದವರು ಬಳ್ಳಾರಿಯ ಈ ಪಾಲಿನಲ್ಲಿ ಇರಲಿಲ್ಲ, ಅವರು ಆಗಲೇ ಅನಂತಪುರದವರು. ಅವರಿಗೇಕೆ ನಿರಾಸೆ ಎಂದು 2022ರ ಏಪ್ರಿಲ್ 4ರಂದು ಅವರನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಕರೆದೊಯ್ಯಲಾಯಿತು. ಪುಟ್ಟಪರ್ತಿ ಅವರ ಜಿಲ್ಲಾ ಕೇಂದ್ರವಾಯಿತು. ಅವರ ಹುಣಸೆಮರಗಳು ಇದ್ದಲ್ಲೇ ಇವೆ.

2.2 ಜಂಗಮ ಪ್ರವಾಸ

ಇದರಲ್ಲಿ ಮನುಷ್ಯ ಹೋಗುತ್ತಾನೆ, ಊರು ಉಳಿಯುತ್ತದೆ. ಇದರ ಒಳಭೇದಗಳು ಯಾತ್ರೆ, ಗುಳೆ ಮತ್ತು ಪಿಕ್‌ನಿಕ್.

2.2.1 ಯಾತ್ರೆ. ಶ್ರಾವಣ ಮಾಸದಲ್ಲಿ ಮುರಡಿ, ನೇಮಕಲ್ಲು, ಕಸಾಪುರದ ಮೂರು ಆಂಜನೇಯರನ್ನು ಒಂದೇ ದಿನ ನೋಡಿದರೆ ವಿಶೇಷ ಫಲವೆಂಬ ನಂಬಿಕೆ ನಮ್ಮಲ್ಲಿದೆ. ಪ್ರವಾಸೋದ್ಯಮ ತಜ್ಞರು ಈಗ ಸರ್ಕ್ಯೂಟ್, ಪ್ಯಾಕೇಜ್, ಅನುಭವಾಧಾರಿತ ಪಥ ಎಂದೆಲ್ಲ ಕರೆಯುವುದನ್ನು ನಮ್ಮ ಮುದುಕಿಯರು ಟ್ರ್ಯಾಕ್ಸ್ ಜೀಪಿನ ಹಿಂಬದಿ ಸೀಟಿನಲ್ಲಿ ಕೂತು ಮುಗಿಸಿದ್ದಾರೆ. ಇಲ್ಲಿ ಎತ್ತರದ ಮಿತಿಯಿಲ್ಲ. ಹತ್ತಿಸೀರೆಗೆ ನಿಷೇಧವಿಲ್ಲ. ಮನೆಯಿಂದ ಕಟ್ಟಿಕೊಂಡು ಹೋದ ಚಿತ್ರಾನ್ನವನ್ನು ಯಾರೂ ಬಾಗಿಲಲ್ಲಿ ಇಸಿದುಕೊಳ್ಳುವುದಿಲ್ಲ. ಮೂರನೆಯ ಹನುಮಪ್ಪನ ಹೊತ್ತಿಗೆ ಮಕ್ಕಳು ನಿದ್ದೆ ಹೋಗಿರುತ್ತಾರೆ, ಫಲ ಅವರಿಗೂ ಸಮನಾಗಿ ಸಿಗುತ್ತದೆ.

2.2.2 ಗುಳೆ. ಇದನ್ನು ಮುಂದೆ ಚರ್ಚಿಸಲಾಗುವುದು.

2.2.3 ಪಿಕ್‌ನಿಕ್. ಇದೇ ನಮ್ಮ ವಿಷಯ. ಇದರಲ್ಲಿ ಪಾಲ್ಗೊಳ್ಳುವವರನ್ನು ಗಿರಕಿಕಾಮಿ, ಗಿರಕಿಭೀರು, ಫೋಟೋಜೀವಿ, ಉಪದೇಶಕ, ಚೀಲಪಾಲಕಿ ಎಂದು ಐದು ಪ್ರಭೇದಗಳಾಗಿ ವಿಂಗಡಿಸಬಹುದು. ಮೊದಲ ನಾಲ್ಕರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಐದನೆಯವಳು ಪೂರ್ತಿ ಟಿಕೆಟ್ ತೆಗೆಸಿಕೊಂಡು ಒಳಗೆ ಹೋಗಿ, ಹನ್ನೊಂದು ಗಂಟೆಯಿಂದ ಆರರವರೆಗೆ ಒಂದು ಕಲ್ಲುಬೆಂಚಿನ ಮೇಲೆ, ಒದ್ದೆ ಟವೆಲು, ಒಣ ಚಡ್ಡಿ, ಎಂಟು ಜನರ ಚಪ್ಪಲಿ, ಐದು ಮೊಬೈಲು, ಒಂದು ಹಲ್ಲಿನ ಸೆಟ್ಟು ಇವುಗಳ ನಡುವೆ ಕೂತು ಬರುತ್ತಾಳೆ. ಮಿಕ್ಕವರು ಯಂತ್ರದಲ್ಲಿ ಕೂತು ಕೂಗಿಕೊಳ್ಳುತ್ತ ಮೇಲಿನಿಂದ ಅವಳಿಗೆ ಕೈಬೀಸುತ್ತಾರೆ. ಅವಳು ಯಾವುದೋ ಬೇರೆ ಯಂತ್ರದ ಕಡೆ ನೋಡಿ ತಿರುಗಿ ಕೈಬೀಸುತ್ತಾಳೆ. ಊರಿಗೆ ಬಂದ ಮೇಲೆ ‘ಹೆಂಗಿತ್ತು?’ ಎಂದು ಕೇಳಿದರೆ ‘ಚೆಂದಿತ್ತು’ ಎನ್ನುತ್ತಾಳೆ. ಸ್ತ್ರೀವಾದಿ ನೆಲೆಯಿಂದ ಇದನ್ನು ಹೇಗೆ ವಿವರಿಸಿಕೊಳ್ಳಬೇಕೆಂದು ಒಂದು ಸಂಕಿರಣದ ಪ್ರಶ್ನೋತ್ತರದಲ್ಲಿ ಕೇಳಬಹುದಿತ್ತು. ಪ್ರಶ್ನೋತ್ತರಕ್ಕೆ ಸಮಯ ಇರಲಿಲ್ಲ, ವಂದನಾರ್ಪಣೆಗೆ ಇತ್ತು.

(ಅಧ್ಯಾಯ 3, ‘ತಾತ್ವಿಕ ಚೌಕಟ್ಟು’. ಚೌಕಟ್ಟು ಬಡಗಿಯ ಹತ್ತಿರವೇ ಇದೆ.)

4. ಎತ್ತರಮಾಪನ ಶಾಸ್ತ್ರ

ಮೈಸೂರು ರಸ್ತೆಯ ಬಿಡದಿಯಲ್ಲಿರುವ ವಂಡರ್‌ಲಾ 2005ರಲ್ಲಿ ಶುರುವಾದದ್ದು. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಹುಟ್ಟಿದ ಅದರ ಅಕ್ಕ ಮೊದಲಿನಿಂದ ಇದ್ದಳು. ಹೈದರಾಬಾದಿನ ತಂಗಿ 2016ರಲ್ಲಿ ಬಂದಳು. ಹೈದರಾಬಾದ್ ನಮ್ಮ ರಾಜ್ಯದಲ್ಲಿದ್ದ ಕಾಲದಲ್ಲಿ ಅಲ್ಲಿ ಈ ಪಾರ್ಕ್ ಇರಲಿಲ್ಲ. ಪಾರ್ಕ್ ಬರುವ ಹೊತ್ತಿಗೆ ರಾಜ್ಯ ಒಡೆದು ಹೈದರಾಬಾದ್ ತೆಲಂಗಾಣಕ್ಕೆ ಹೋಗಿತ್ತು. ಇದು ಕೂಡ ಒಂದು ಸ್ಥಾವರ ಪ್ರವಾಸ, 2.1ರಲ್ಲಿ ಸೇರಿಸಿ ಓದಿಕೊಳ್ಳುವುದು.

ಇಂಥ ಉದ್ಯಾನಗಳಲ್ಲಿ ಮಗುವಿನ ವಯಸ್ಸನ್ನು ಯಾರೂ ನಂಬುವುದಿಲ್ಲ, ಎತ್ತರವನ್ನು ಅಳೆಯುತ್ತಾರೆ. 85 ಸೆಂಟಿಮೀಟರಿಗಿಂತ ಕುಳ್ಳಗಿದ್ದರೆ ಪುಕ್ಕಟೆ, 140ರವರೆಗೆ ಮಕ್ಕಳ ದರ, ಅಲ್ಲಿಂದ ಮೇಲೆ ಮಗು ದೊಡ್ಡವನೆಂದು ಲೆಕ್ಕ. ಆದರೆ ಒಳಗಿನ ಘನಘೋರ ಯಂತ್ರಗಳನ್ನು ಏರಬೇಕಾದರೂ 140 ಮುಟ್ಟಿರಬೇಕು. ಆದ್ದರಿಂದ ಆದರ್ಶ ಬಾಲಕನು ಟಿಕೆಟ್ ಕಿಟಕಿಯ ಮುಂದೆ 139 ಇದ್ದು, ರೈಡಿನ ಬಾಗಿಲಲ್ಲಿ 141 ಆಗತಕ್ಕದ್ದು. ಈ ದ್ವಂದ್ವಾತ್ಮಕ ಬೆಳವಣಿಗೆಯನ್ನು ಹೆಗೆಲ್ ಊಹಿಸಿರಲಾರ, ನಮ್ಮ ಸೋದರತ್ತೆಯರು ಊಹಿಸಿದ್ದಾರೆ. ಅವರ ವಿಧಾನಶಾಸ್ತ್ರದಲ್ಲಿ ಎರಡು ಸೂತ್ರಗಳಿವೆ. ಕಿಟಕಿಯ ಮುಂದೆ: ‘ಲೇ, ಮಣಕಾಲು ಬಗ್ಗಿಸೋ.’ ರೈಡಿನ ಮುಂದೆ: ‘ಲೇ, ಹಿಮ್ಮಡಿ ಎತ್ತೋ.’ ವರ್ಷಪೂರ್ತಿ ‘ಹುಡುಗ ಬೆಳೀತಾನೇ ಇಲ್ಲ’ ಎಂದು ಕೊರಗಿ ಹಾಲು, ಮೊಟ್ಟೆ, ಶೇಂಗಾ ಉಂಡೆ ತುರುಕಿದ ತಾಯಿ ಆ ಒಂದು ಬೆಳಗ್ಗೆ ಮಾತ್ರ, ದೇವರೇ, ಇವನು ಬೆಳೆದಿರದಿರಲಿ ಎಂದು ಬೇಡಿಕೊಳ್ಳುತ್ತಾಳೆ.

5. ಉಡುಪು ಮತ್ತು ಆಹಾರ: ನಿಷೇಧದ ರಾಜಕಾರಣ

ನೀರಿನ ಆಟಗಳಿಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಕಡ್ಡಾಯ. ಹತ್ತಿ ಬೇಡ, ಜೀನ್ಸ್ ಬೇಡವೇ ಬೇಡ. ಮನೆಮನೆಯಲ್ಲಿ ಮಿಷನ್ ಹಾಕಿಕೊಂಡು ಜೀನ್ಸ್ ಹೊಲಿಯುವ ರಾಯದುರ್ಗದವರು ಇದನ್ನು ಹೇಗೆ ಸ್ವೀಕರಿಸಬೇಕು? ಊರಿಗೆಲ್ಲ ಪ್ಯಾಂಟು ಹೊಲಿದುಕೊಟ್ಟ ಮನುಷ್ಯ ಬಾಗಿಲಲ್ಲಿ ಬಾಡಿಗೆ ಚಡ್ಡಿಗೆ ಕ್ಯೂ ನಿಲ್ಲುತ್ತಾನೆ. ಇದರ ಮೇಲೆ ಒಂದು ಪಿಎಚ್.ಡಿ. ಮಾಡಬಹುದು, ಪದವಿ ಬಂದಮೇಲೂ ಚಡ್ಡಿ ಬಾಡಿಗೆಯದೇ.

ಹೊರಗಿನ ತಿಂಡಿಗೂ ಪ್ರವೇಶವಿಲ್ಲ. ಈ ನಿಯಮದ ತಾತ್ವಿಕತೆ ಸ್ಪಷ್ಟವಾಗಿದೆ: ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಳಗ್ಗೆ ನಾಲ್ಕಕ್ಕೆ ಎದ್ದು ಕಟ್ಟಿದ ಚಿತ್ರಾನ್ನ ಹೊರಗಿನವು. ಒಳಗೆ ಮಾರುವ ತಣ್ಣಗಿನ ಸಮೋಸಾ ಒಳಗಿನದು. ಅಸ್ಮಿತೆ, ಅನ್ಯ ಎಂಬ ಪರಿಕಲ್ಪನೆಗಳನ್ನು ಇಷ್ಟು ಸರಳವಾಗಿ ಯಾವ ಸಂಕಿರಣದಲ್ಲೂ ವಿವರಿಸಿದ್ದಿಲ್ಲ.

6. ಸಾರಿಗೆ: ಶಕ್ತಿಯ ವಿವಿಧ ರೂಪಗಳು

ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಪುಕ್ಕಟೆ, ಅದರ ಹೆಸರು ಶಕ್ತಿ. ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ಪುಕ್ಕಟೆ, ಅದರ ಹೆಸರು ಸ್ತ್ರೀಶಕ್ತಿ. ಎರಡು ಶಕ್ತಿಗಳ ನಡುವೆ ಸಿಕ್ಕ ನಮ್ಮ ಹೆಂಗಸರು ಎಷ್ಟು ಬಲಶಾಲಿಗಳಾಗಿರಬೇಕು! ವಸ್ತುಸ್ಥಿತಿ ಏನೆಂದರೆ, ಆಂಧ್ರದ ಪುಕ್ಕಟೆ ಗಡಿಯವರೆಗೆ. ಗಡಿಯಾಚೆ ಕರ್ನಾಟಕದ ಬಸ್ಸು ಹತ್ತಿ ಕಂಡಕ್ಟರ್ ಜೊತೆ ಎಷ್ಟು ಸೊಗಸಾದ ಕನ್ನಡ ಆಡಿದರೂ, ಆಧಾರ್ ಕಾರ್ಡಿನಲ್ಲಿ ಅನಂತಪುರ ಎಂದಿದ್ದರೆ ಟಿಕೆಟ್ ತೆಗೆಯಬೇಕು. ಕನ್ನಡ ನಮ್ಮ ಉಸಿರು ಸರಿ, ಗುರುತಿನ ಚೀಟಿಯಲ್ಲ.

7. ಕೃತಕ ಮಳೆ

ಈ ಅಧ್ಯಾಯದಲ್ಲಿ ‘ಜಲಕ್ರೀಡೆಯ ಸೌಂದರ್ಯಮೀಮಾಂಸೆ’ ಬರಬೇಕಿತ್ತು.

ಪಾರ್ಕುಗಳಲ್ಲಿ ರೇನ್ ಡ್ಯಾನ್ಸ್ ಎಂಬುದಿರುತ್ತದೆ. ಮಾಡಿನ ಕೊಳವೆಗಳಿಂದ ನೀರು ಸುರಿಯುತ್ತದೆ, ಹಾಡು ಹಾಕುತ್ತಾರೆ, ಜನ ಕುಣಿಯುತ್ತಾರೆ. ಅನಂತಪುರ ಎಂದರೆ ದೇಶದ ಅತಿ ಕಡಿಮೆ ಮಳೆಯ ಜಿಲ್ಲೆಗಳ ಮಾತು ಬಂದಾಗ ಜೈಸಲ್ಮೇರ್ ಜೊತೆಗೆ ಹೆಸರು ಹೇಳಿಸಿಕೊಳ್ಳುವ ನೆಲ. ವರ್ಷಕ್ಕೆ ಬೀಳುವುದು ಸರಾಸರಿ 550 ಮಿಲಿಮೀಟರಿನ ಆಸುಪಾಸು, ಅದೂ ಬೇಕಾದಾಗ ಅಲ್ಲ. ಶೇಂಗಾ ಬಿತ್ತಿದವನು ಹೂವು ಬಿಡುವ ಹೊತ್ತಿಗೆ ಒಂದು ಹದ ಮಳೆ ಬಂದರೆ ಸಾಕೆಂದು ಆಕಾಶ ನೋಡುತ್ತಾನೆ. ಗಾಳಿಗಾಲದಲ್ಲಿ ಹಗರಿ ಹೊಳೆಯ ಮರಳು ಎದ್ದು ಬಂದು ಕಣೇಕಲ್ಲು, ಬೊಮ್ಮನಹಾಳ್ ಕಡೆಯ ಹೊಲಗಳ ಮೇಲೆ ಕೂರುತ್ತದೆ. ನಮ್ಮ ಕೆರೆಗೆ ನೀರು ಬರಬೇಕಾದರೆ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಮನಸ್ಸು ಮಾಡಬೇಕು. ಹೀಗಿರುವಾಗ ನಮ್ಮವನೊಬ್ಬ ಸಾವಿರ ರೂಪಾಯಿಗೂ ಮೇಲೆ ಕೊಟ್ಟು, ಮುನ್ನೂರು ಕಿಲೋಮೀಟರ್ ಬಂದು, ಗುಂಡಿ ಒತ್ತಿದ ಕೂಡಲೇ ಸುರಿಯುವ ಮಳೆಯ ಕೆಳಗೆ ನಿಂತರೆ, ಅವನು ಕುಣಿಯುವುದಿಲ್ಲ ಸ್ವಾಮಿ. ಮೊದಲು ಮೇಲೆ ನೋಡುತ್ತಾನೆ. ಆಮೇಲೆ ಆ ನೀರು ಎಲ್ಲಿಗೆ ಹರಿದು ಹೋಗುತ್ತದೆಂದು ಕೆಳಗೆ ನೋಡುತ್ತಾನೆ. ಇದನ್ನು ‘ಗ್ರಾಮೀಣರ ವಿಸ್ಮಯ’ ಎಂದು ಬರೆದವರ ಕೈಗೆ ಒಂದು ಸಲ ಗುದ್ದಲಿ ಕೊಡಬೇಕು. 2025-26ರಲ್ಲಿ ಆಂಧ್ರದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 307 ರೂಪಾಯಿ ಇತ್ತು. ಒಬ್ಬರ ಒಂದು ದಿನದ ಗಿರಕಿಗೆ ಎಷ್ಟು ದಿನ ಮಣ್ಣು ಹೊರಬೇಕೆಂಬುದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಲಿ. ನನಗೆ ಇಲ್ಲಿ ಗಂಭೀರ ಶೈಲಿ ಕೈಕೊಡುತ್ತಿದೆ.

8. ಸಮೀಪದ ಪ್ರೇಕ್ಷಣೀಯ ಸ್ಥಳಗಳು

ಮರಳಿ ವಿಷಯಕ್ಕೆ. ಬಿಡದಿಯ ಸುತ್ತ ನೋಡುವಂಥವು ಬೇಕಾದಷ್ಟಿವೆ. ‘ಶೋಲೆ’ ಚಿತ್ರೀಕರಣವಾದ ರಾಮನಗರದ ಬಂಡೆಗಳಿವೆ (ಬಂಡೆ ನೋಡಲು ರಾಯದುರ್ಗದವರನ್ನು ಕರೆದೊಯ್ಯುವುದು ಒಂದು ಬಗೆಯ ಧೈರ್ಯ). ಚನ್ನಪಟ್ಟಣದ ಗೊಂಬೆಗಳಿವೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ, ಅದು ನಿಜಕ್ಕೂ ದೊಡ್ಡ ಕೆಲಸ, ಅಣಕಿಸಲು ಮನಸ್ಸು ಬರುವುದಿಲ್ಲ. ಆದರೆ ಅಜ್ಜಿಯನ್ನು ಅಲ್ಲಿಗೆ ಕರೆದೊಯ್ಯುವವರು ಎಚ್ಚರವಾಗಿರಬೇಕು. ಬೀಸುಕಲ್ಲು, ಒನಕೆ, ಕೂರಿಗೆಗಳನ್ನು ಒಂದೊಂದಾಗಿ ನೋಡುತ್ತ ಬಂದ ಅಜ್ಜಿ, ‘ಇವೆಲ್ಲ ನಮ್ಮ ಹಿತ್ತಲಾಗೇ ಅದಾವಲ್ಲ, ಯಾರನ್ನ ಕೇಳಿ ಇಲ್ಲಿಗೆ ತಂದ್ರಿ?’ ಎಂದು ಕಾವಲುಗಾರನನ್ನು ಹಿಡಿದುಕೊಳ್ಳುವ ಸಂಭವವಿದೆ.

ನನ್ನ ತಕರಾರು ಬೇರೆ. ನಮಗೂ ಒಂದು ಸಮೀಪವಿದೆ, ಅದು ಯಾವ ಪ್ಯಾಕೇಜಿನಲ್ಲೂ ಬರುವುದಿಲ್ಲ. ಮಡಕಶಿರದ ಕಡೆಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿ ಲಿಂಗದ ಬದಲು ಮೂರ್ತಿಯಾಗಿಯೇ ಕೂತ ಸಿದ್ಧೇಶ್ವರನಿದ್ದಾನೆ, ದೊಡ್ಡಪ್ಪನ ಗುಡಿಯ ಕಂಬಗಳಿವೆ. ಅಂಥ ಕೆತ್ತನೆಗಳಲ್ಲಿ ಎಷ್ಟೋ ಚೆನ್ನೈ ಮ್ಯೂಸಿಯಮ್ಮಿನಲ್ಲಿವೆ, ನೊಳಂಬರ ಕಂಬಗಳು ಕಾವೇರಿ ದಂಡೆಯ ತಿರುವೈಯಾರಿನವರೆಗೂ ಹೋಗಿವೆ. ನಮ್ಮಲ್ಲಿ ಕಲ್ಲೂ ಗುಳೆ ಹೋಗುತ್ತದೆ. ರಾಯದುರ್ಗದ ಬೆಟ್ಟದ ಕೋಟೆ, ಹತ್ತು ಕೈಯ ಗಣಪತಿಯನ್ನು ನೋಡಲು ಬಿಡದಿಯಿಂದ ಯಾರು ಸಂಸಾರ ಕಟ್ಟಿಕೊಂಡು ಬರುತ್ತಾರೆ? ಲೇಪಾಕ್ಷಿಗೆ ಬರುತ್ತಾರೆ, ನಿಜ. ನೆಲ ಮುಟ್ಟದ ಕಂಬದ ಕೆಳಗೆ ಟವೆಲು ತೂರಿಸಿ ಎಳೆದು, ಸೆಲ್ಫಿ ತೆಗೆದು, ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೊರಟುಬಿಡುತ್ತಾರೆ. ಹೇಮಾವತಿಯ ಮುಂದೆ ಬಸ್ಸಿಗಾಗಿ ಕಾದು ನಿಂತವರಿಗೆ ಇದೆಲ್ಲ ಪಾಠ ಮಾಡುವ ಅಗತ್ಯವಿಲ್ಲ. ಅಧ್ಯಾಯಗಳನ್ನೂ ಇನ್ನು ಎಣಿಸುವುದಿಲ್ಲ.

ಗುಳೆಯ ಮಾತು ಉಳಿದಿತ್ತು

ನಮ್ಮ ಕಡೆ ಪಾರ್ಕಿಗೆ ಹೋಗುವ ಸಂಸಾರದ ಅರ್ಧ ಜನ ಆಗಲೇ ಬೆಂಗಳೂರಿನಲ್ಲಿರುತ್ತಾರೆ. ಮಳೆ ತಪ್ಪಿದ ವರ್ಷ ಹೋದ ತಮ್ಮ, ಅಲ್ಲೇ ಸೆಂಟ್ರಿಂಗ್ ಕೆಲಸಕ್ಕೆ ನಿಂತವನು. ಅಪಾರ್ಟ್‌ಮೆಂಟಿನ ಕಾವಲು ಕಾಯುವ ಮಾವ. ಶೀಟಿನ ಮನೆಯಲ್ಲಿ ಕೂಸಿಟ್ಟುಕೊಂಡ ನಾದಿನಿ. ಅವರು ಇರುವುದರಿಂದಲೇ ಲಾಡ್ಜ್ ಖರ್ಚಿಲ್ಲದೆ ಇಂಥದ್ದೊಂದು ಪ್ಲಾನು ಹುಟ್ಟುತ್ತದೆ. ಯೋಜನಾ ಸಭೆ ರಾತ್ರಿ ಫೋನಿನಲ್ಲಿ ನಡೆಯುತ್ತದೆ. ವಾರದ ದಿನ ಹೋದರೆ ಟಿಕೆಟ್ ದರ ಕಡಿಮೆ, ಜನವೂ ಕಡಿಮೆ ಎಂದು ಹೈಸ್ಕೂಲು ಓದುವ ಹುಡುಗಿ ಮೊಬೈಲು ನೋಡಿ ವರದಿ ಒಪ್ಪಿಸುತ್ತಾಳೆ. ತಮ್ಮನಿಗೆ ರಜೆ ಇರುವುದು ಭಾನುವಾರ. ಭಾನುವಾರ ದರ ಹೆಚ್ಚು. ಸೋಮವಾರ ಕೆಲಸ ಬಿಟ್ಟರೆ ಆ ದಿನದ ಕೂಲಿ ಹೋಗುತ್ತದೆ, ಮೇಸ್ತ್ರಿ ಮುಖ ಬೇರೆ. ಎರಡು ನಷ್ಟಗಳಲ್ಲಿ ಯಾವುದು ಸಣ್ಣದೆಂದು ಎರಡೂ ಕಡೆ ಲೆಕ್ಕ ಹಾಕುತ್ತಾರೆ. ಆ ಪಾರ್ಕಿನ ದಾರಿಯಲ್ಲಿ ಎದ್ದು ನಿಂತ ಕಟ್ಟಡಗಳಲ್ಲೊಂದಕ್ಕೆ ಮೂರನೆಯ ಮಹಡಿಯವರೆಗೆ ಸಿಮೆಂಟು ಹೊತ್ತವನು ಆ ತಮ್ಮ. ಅಲ್ಲಿಂದ ಒಂದು ದೊಡ್ಡ ಚಕ್ರ ತಿರುಗುವುದು ದಿನಾ ಕಾಣುತ್ತಿತ್ತಂತೆ.

ಸದ್ಯಕ್ಕೆ ಭಾನುವಾರವೆಂದೇ ಆಗಿದೆ. ರೊಟ್ಟಿ ಬಸ್ಸಿನಲ್ಲೇ ತಿಂದು ಮುಗಿಸುವುದು. ಹುಡುಗ ನಿನ್ನೆ ಗೋಡೆಗೆ ನಿಂತು ಅಳೆಸಿಕೊಂಡಾಗ 141 ಬಂತು, ಅವನ ಅತ್ತೆ ಇನ್ನೊಮ್ಮೆ ಅಳೆಯೋಣ ಎನ್ನುತ್ತಿದ್ದಾಳೆ. ಅಜ್ಜಿ, ‘ನಾ ಒಲ್ಲೆ, ಆ ದುಡ್ಡಾಗೆ ಕಸಾಪುರಕ್ಕೆ ಹೋಗಿಬರ್ತೀನಿ’ ಅಂದಿದ್ದಾಳೆ. ಹಾಗಾದರೆ ಚೀಲ ಕಾಯುವವರು ಯಾರು ಎಂಬುದರ ಬಗ್ಗೆ ಫೋನಿನಲ್ಲಿ ಇನ್ನೂ ಜಗಳ ನಡೆದಿದೆ.