ಫಾರ್ಮ್ಯಾಟ್ ಮಾಮ

ಫಾರ್ಮ್ಯಾಟ್ ಮಾಮನಿಗೆ ಸ್ವಂತದ್ದೊಂದು ಹೆಸರೂ ಇದೆ, ರೇಷನ್ ಕಾರ್ಡಿನಲ್ಲಿ. ಹೊಸಪೇಟೆ–ಬಳ್ಳಾರಿ ದಾರಿಯ ಪಾಪಿನಾಯಕನಹಳ್ಳಿಯಲ್ಲಿ ಆ ಹೆಸರು ಹಿಡಿದು ವಿಚಾರಿಸಿದರೆ ಯಾರೂ ಮನೆ ತೋರಿಸರು. ಊರಿನ ಹೆಸರನ್ನೇ ಪಿ.ಕೆ. ಹಳ್ಳಿ ಎಂದು ಮೊಟಕು ಮಾಡಿಕೊಂಡ ಜನ, ಮಾಮನ ಹೆಸರನ್ನು ಉಳಿಸುತ್ತಾರೆಯೇ?

ಯಾರ ಮನೆಯ ಕಂಪ್ಯೂಟರು ಮೊಂಡು ಹಿಡಿದರೂ ಮೊದಲ ಫೋನು ಮಾಮನಿಗೆ. ಅದಿರಿನ ಲಾರಿಗಳ ನಡುವೆ ನುಸುಳಿಕೊಂಡು, ಕೆಂಪು ಧೂಳಿನಲ್ಲಿ ಮಿಂದು, ಫೋನು ಇಟ್ಟವರು ಚಾಕ್ಕೆ ನೀರಿಡುವಷ್ಟರಲ್ಲಿ ಬೈಕು ಬಾಗಿಲಲ್ಲಿರುತ್ತದೆ. ಫೀಸು ಒಂದು ಪ್ಲೇಟ್ ಒಗ್ಗರಣೆ-ಮಿರ್ಚಿ. ಡೇಟಾ ತೆಗೆದುಕೊಡುವ ದೊಡ್ಡ ಊರಿನ ಲ್ಯಾಬಿನವರು ಸಾವಿರಗಳಲ್ಲಿ ಮಾತಾಡುತ್ತಾರೆ, ಮಾಮ ಮಿರ್ಚಿಯಲ್ಲಿ. ಊರು ಅವನನ್ನು ಬಿಟ್ಟುಕೊಡದಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕಾಣುತ್ತಿಲ್ಲ ಎಂದರೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಆಮೇಲೆ ತೀರ್ಪು: “ಧೂಳು. ನಮ್ಮೂರ ಧೂಳಂದ್ರ ಏನು, ಕಬ್ಬಿಣ! ಡಿಸ್ಕಿನಾಗ ಮ್ಯಾಗ್ನೆಟ್ ಐತಿ, ಎಳಕೊಂಡು ಕುಂತೈತಿ.” ಸಂಡೂರಿನ ಬೆಟ್ಟಗಳ ಅದಿರು ಬಹುಪಾಲು ಹೆಮಟೈಟ್, ಸಾಮಾನ್ಯ ಅಯಸ್ಕಾಂತಕ್ಕೆ ಅದು ಅಂಟುವುದಿಲ್ಲವೆಂದೇ ಹೇಳಬೇಕು. ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಹಾಗೆಂದೂ ಹೇಳಿದರು. “ಅದು ಗುಡ್ಡದಾಗ ಕಾಕಾ, ಇದು ಯುಎಸ್‌ಬಿ” ಎಂದ ಮಾಮ. ಕಾಕಾ ಸುಮ್ಮನಾದರು.

ಒಳಗೆ ಹೋಗದ ಧೂಳನ್ನು ತೆಗೆಯಲು ಮಾಮ ಸ್ಕ್ರೂಡ್ರೈವರ್ ಹಿಡಿಯುತ್ತಾನೆ. ಧೂಳು ಒಳಗೆ ಹೋಗುವುದು ಆಗ. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ಹೆಡ್ ತೇಲುವುದು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ. ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ನ್ಯಾನೋಮೀಟರ್. ಅಲ್ಲಿ ಪಿ.ಕೆ. ಹಳ್ಳಿಯ ಒಂದು ಕಣ ಕೂತರೆ ಮುಗಿಯಿತು. ಕಟ್ ಕಟ್ ಸದ್ದು ಬರುವ ಡಿಸ್ಕಿಗೆ ಮಾಮನ ಔಷಧ ಬೇರೆ: ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಂದು ರಾತ್ರಿ ಫ್ರೀಜರಿನಲ್ಲಿ. ಬೆಳಿಗ್ಗೆ ಹೊರಗೆ ತೆಗೆದರೆ ಡಿಸ್ಕು ಬೆವರುತ್ತಿರುತ್ತದೆ, ಮನೆಯವರ ಜೊತೆಗೆ.

ಮಾಮ ಮಾಡದ ಕೆಲಸ ಒಂದೇ, ಕೇಬಲ್ ಬದಲಿಸುವುದು. ಹಳೆಯ ಯುಎಸ್‌ಬಿ ಕಿಂಡಿ ಕೊಡುವುದು 500 ಮಿಲಿಆಂಪಿಯರ್, ನೀಲಿ ಬಣ್ಣದ ಹೊಸದು 900. ಎಷ್ಟೋ ಡಿಸ್ಕು ಕೆಟ್ಟಿರುವುದಿಲ್ಲ, ಹಸಿದಿರುತ್ತವೆ. ಆದರೆ ವೈರು ಬದಲಿಸಿ ಕಿಂಡಿ ಬದಲಿಸುವುದು ಯಾರಾದರೂ ಮಾಡಬಹುದಾದ ಕೆಲಸ. ಅದಕ್ಕೆ ಮಿರ್ಚಿ ತಿನ್ನಲು ಮಾಮನಿಗೆ ಮನಸ್ಸು ಒಪ್ಪುವುದಿಲ್ಲ.

ಅವನ ಬ್ರಹ್ಮಾಸ್ತ್ರವಂತೂ ಬಿರುದಿನಲ್ಲೇ ಇದೆ. ಲಿನಕ್ಸ್‌ಗೆ ಒಗ್ಗಿಸಿದ ಡಿಸ್ಕಾಗಲಿ, ಕಾಪಿ ಆಗುವಾಗ ಕರೆಂಟ್ ಹೋಗಿ ಫೈಲುಗಳ ಪಟ್ಟಿ ಕೆಟ್ಟದ್ದಾಗಲಿ, ಚುಚ್ಚಿದರೆ ವಿಂಡೋಸ್ ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಫಾರ್ಮ್ಯಾಟ್ ಮಾಡಲೇ? ತೆಲುಗು ಓದಲು ಬಾರದವನ ಕೈಗೆ ತೆಲುಗು ಪುಸ್ತಕ ಕೊಟ್ಟರೆ, “ಎಲ್ಲಾ ಅಳಿಸಿ ಕೊಡ್ಲೇನು?” ಎಂದು ಕೇಳಿದ ಹಾಗೆ. ಮಾಮನದು ಕೇಳಿದವರಿಗೆ ಇಲ್ಲವೆನ್ನದ ಸ್ವಭಾವ. ಹೂಂ ಎನ್ನುತ್ತಾನೆ. ಪುಣ್ಯಕ್ಕೆ ಕಾಯುವ ತಾಳ್ಮೆ ಇಲ್ಲ, ಯಾವಾಗಲೂ ‘ಕ್ವಿಕ್’. ಪೂರ್ತಿ ಫಾರ್ಮ್ಯಾಟ್ ಆದರೆ, ವಿಂಡೋಸ್ ವಿಸ್ತಾ ಬಂದಾಗಿನಿಂದ, ಡಿಸ್ಕಿನ ತುಂಬ ಸೊನ್ನೆ ಬರೆದು ಬಿಡುತ್ತದೆ. ಕ್ವಿಕ್ಕಿನಲ್ಲಿ ಅಳಿಯುವುದು ಪಟ್ಟಿ ಮಾತ್ರ. ಹಾರ್ಡ್ ಡಿಸ್ಕಿನಲ್ಲಿ ಮಾಲು ಇದ್ದಲ್ಲೇ ಇರುತ್ತದೆ. ಮಾಮನ ಅವಸರ ಎಷ್ಟು ಮದುವೆಗಳನ್ನು ಉಳಿಸಿದೆಯೋ ಅವನಿಗೇ ಗೊತ್ತಿಲ್ಲ.

ಹಾಗೆ ಉಳಿದ ಮದುವೆಯೊಂದರ ಮನೆಯಲ್ಲಿ ಡಿಪ್ಲೊಮಾ ಓದುವ ಹುಡುಗಿಯಿದ್ದಳು. ಸ್ಟುಡಿಯೋದವರು ಮದುವೆ ಫೋಟೋಗಳ ತಮ್ಮ ಪ್ರತಿ ಅಳಿಸಿಯಾಗಿತ್ತು, ಮನೆಯ ಡಿಸ್ಕಿಗೆ ಮಾಮನ ಕೈ ಮುಟ್ಟಿಯಾಗಿತ್ತು. “ಮಾಮ, ಇನ್ನ ಏನೂ ಮಾಡಬ್ಯಾಡ್ರಿ” ಎಂದಳು. ಇಂಥ ಮಾತನ್ನು ಮಾಮ ಜನ್ಮದಲ್ಲಿ ಕೇಳಿರಲಿಲ್ಲ. ಅವಳು ಡಿಸ್ಕಿಗೆ ಒಂದಕ್ಷರವನ್ನೂ ಬರೆಯದೆ, ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ತಂತ್ರಾಂಶದಿಂದ ಇದ್ದದ್ದನ್ನು ಇದ್ದ ಹಾಗೆ ಇನ್ನೊಂದು ಡಿಸ್ಕಿಗೆ ಪಡಿಯಚ್ಚು ತೆಗೆದಳು. ಆ ಪಡಿಯಚ್ಚಿನ ಮೇಲೆ ಫೋಟೋರೆಕ್ ಎಂಬ ಇನ್ನೊಂದು ತಂತ್ರಾಂಶ ಬಿಟ್ಟು ಕೂತಳು. ಕೂತಳು ಎಂದರೆ ಕೂತಳು ಅಷ್ಟೆ, ರಾತ್ರಿಯಿಡೀ. ನೋಡುವವರಿಗೆ ಅದು ಕೆಲಸದಂತೆ ಕಾಣುವುದಿಲ್ಲ. “ಸುಮ್ನ ಕರೆಂಟ್ ಸುಡಾಕತ್ತಾಳ” ಎಂದರು ಅವ್ವ.

ಫೋಟೋರೆಕ್ ಫೈಲುಗಳನ್ನು ಹುಡುಕುವುದು ಅವುಗಳ ತಲೆಕಟ್ಟಿನ ಗುರುತು ಹಿಡಿದು. ಹೆಸರಿನ ಹಂಗಿಲ್ಲ, ಅಳಿಸಿದ್ದು ಉಳಿಸಿದ್ದು ಎಂಬ ಭೇದವೂ ಇಲ್ಲ. ಬೆಳಗಾದಾಗ ಧಾರೆ ಬಂದಿತ್ತು, ಅರಿಶಿನ ಬಂದಿತ್ತು. ಜೊತೆಗೆ ಸ್ಟುಡಿಯೋದವರು ಮರ್ಯಾದೆಗೆಂದು ತೆಗೆದುಹಾಕಿದ್ದೂ ಬಂದಿತ್ತು: ಕಣ್ಣು ಮುಚ್ಚಿದ ಮದುಮಗ, ಕುರ್ಚಿಗಾಗಿ ಬೀಗರ ಜಗಳ, ಎಲೆಯ ಮುಂದೆ ಹೋಳಿಗೆಗೆ ಬಾಯಿ ತೆರೆದ ಮಾಮ.

ಮನೆಯವರೆಲ್ಲ ನಗುವಾಗ ಮಾಮ ಮಾತ್ರ ಗಂಭೀರ. “ನಾ ಫಾರ್ಮ್ಯಾಟ್ ಹೊಡದಿದ್ದಕ್ಕ ಡಿಲೀಟ್ ಆಗಿದ್ದೂ ಎದ್ದು ಬಂದಾವು. ಇಲ್ಲಾಂದ್ರ ಇಷ್ಟು ಬರ್ತಿದ್ವೇನು?” ಅಜ್ಜಿ ತಲೆದೂಗಿದರು. ಎರಡನೇ ಪ್ಲೇಟ್ ಮಿರ್ಚಿ ಮಾಮನ ಮುಂದೆ ಬಂತು. ಹುಡುಗಿ ಅತ್ತ ಸಾವಿರಾರು ಫೈಲುಗಳಿಗೆ ಒಂದೊಂದಾಗಿ ಹೆಸರಿಡುತ್ತಿದ್ದಳು.

ಮಾಮ ಕೈ ಒರೆಸಿಕೊಂಡು ಮೇಜಿನ ಮೇಲಿದ್ದ ಎರಡೂ ಡಿಸ್ಕುಗಳನ್ನು ನೋಡಿದ. “ಇದರಾಗಿದ್ದದ್ದೇ ಅದರಾಗೂ ಐತೇನವಾ?”

“ಹೂಂ ಮಾಮ.”

“ಮತ್ತ ಎರಡ್ಯಾಕ? ಒಂದು ಖಾಲಿ ಮಾಡಿಕೊಡ್ಲೇನು?”