ಯಾವುದಕ್ಕೂ ಒಂದು ಹಾರ್ಡ್ ಕಾಪಿ ಇರ್ಲಿ

ನಿಮ್ಮ ಆಫೀಸು ಡಿಜಿಟಲ್ ಆಯ್ತಂತೆ, ಹೌದೇನ್ರೀ? ಸಂತೋಷ. ಈಗ ಒಂದು ದಿನ ರಜೆ ಬೇಕಂದ್ರೆ ಏನ್ ಮಾಡ್ತೀರಿ, ಸ್ವಲ್ಪ ಹೇಳಿ ನೋಡೋಣ. ಪೋರ್ಟಲ್‌ನಲ್ಲಿ ಅಪ್ಲೈ ಮಾಡ್ತೀರಿ. ಆಮೇಲೆ ಸಾಹೇಬ್ರಿಗೆ ವಾಟ್ಸಾಪ್ ಹಾಕ್ತೀರಿ. ಅಷ್ಟಾದ್ರೂ ಸಮಾಧಾನ ಇಲ್ಲದೆ ಚೇಂಬರ್ ಬಾಗಿಲಲ್ಲಿ ಇಣುಕಿ, "ಸಾರ್, ಪೋರ್ಟಲ್‌ನಲ್ಲಿ ಹಾಕಿದೀನಿ" ಅಂತೀರಿ. ಸಾಹೇಬ್ರು ತಲೆ ಎತ್ತದೆ ಏನಂತಾರೆ? "ಯಾವುದಕ್ಕೂ ಒಂದು ಲೆಟರ್ ಬರ್ಕೊಟ್ಬಿಡ್ರಿ."

ಆ "ಯಾವುದಕ್ಕೂ" ಇದೆಯಲ್ಲ, ನಮ್ಮ ಆಫೀಸುಗಳು ನಡೀತಿರೋದೇ ಅದರ ಮೇಲೆ. ಒಂದು ಸುತ್ತೋಲೆ ಹೊರಡೋ ಚೆಂದ ನೋಡಿ. ನುಡಿ ತಂತ್ರಾಂಶದಲ್ಲಿ ಟೈಪಾಗುತ್ತೆ, ಪ್ರಿಂಟಾಗುತ್ತೆ, ಸಹಿ ಬೀಳುತ್ತೆ, ಸೀಲು ಬೀಳುತ್ತೆ. ಆಮೇಲೆ ಯಾರೋ ಪುಣ್ಯಾತ್ಮರು ಮೊಬೈಲಲ್ಲಿ ಅದರ ಫೋಟೋ ಹೊಡೀತಾರೆ. (ಮೂಲೇಲಿ ಅರ್ಧ ಹೆಬ್ಬೆರಳು, ಪಕ್ಕದಲ್ಲಿ ಟೀ ಲೋಟದ ನೆರಳು.)

ಅದು ವಾಟ್ಸಾಪ್ ಗ್ರೂಪಿಗೆ ಬಂತಾ? ಅಲ್ಲಿ ನೀವಿದೀರಿ. ಡೌನ್‌ಲೋಡ್ ಮಾಡ್ತೀರಿ, ಮತ್ತೆ ಪ್ರಿಂಟ್ ತೆಗೀತೀರಿ, ಪಂಚ್ ಹೊಡೆದು ಟ್ಯಾಗ್ ಹಾಕಿ ಫೈಲಿಗೆ ಸೇರಿಸ್ತೀರಿ. ಅದೇ ವಿಷಯ ನಿಮ್ಮ ಪತ್ರದಲ್ಲಿ ಬೇಕಾದಾಗ ಮೊದಲಿಂದ ಕೊನೇತನಕ ಇನ್ನೊಂದ್ಸಲ ಟೈಪು. (ಮೂಲ ಫೈಲೇ ಕೇಳಿ ತರಿಸ್ಕೊಂಡ್ರಾ? ಯೂನಿಕೋಡ್ ಅಲ್ಲದ ಹಳೇ ನುಡಿ ಅಕ್ಷರ ಆದ್ರೆ ಫೋನಲ್ಲಿ ಒಂದಕ್ಷರವೂ ಕನ್ನಡವಾಗಿ ಕಾಣಲ್ಲ!)

ಇನ್ನು ನಿಮ್ಮ ಗ್ರೂಪುಗಳು. 'ಆಫೀಸ್ ಫ್ಯಾಮಿಲಿ' ಒಂದು, 'ಅಫಿಶಿಯಲ್ ಓನ್ಲಿ' ಇನ್ನೊಂದು. ಸಾಹೇಬ್ರನ್ನ ಬಿಟ್ಟು ಮಾಡಿರೋದು ಮತ್ತೊಂದು. (ನಗಬೇಡಿ, ನೀವೂ ಅದರಲ್ಲಿದೀರಿ.) 'ಅಫಿಶಿಯಲ್ ಓನ್ಲಿ'ಯಲ್ಲಿ ಬೆಳಿಗ್ಗೆ ಶುಭೋದಯದ ಗುಲಾಬಿ, ಮಧ್ಯಾಹ್ನ ಯಾರದೋ ಹುಟ್ಟುಹಬ್ಬ. ಅದಕ್ಕೆ ಎಲ್ಲರ ಕೇಕು, ಎಲ್ಲರ ಕೈಮುಗಿತ. ನಡುವೆ ಎಲ್ಲೋ ಮೀಟಿಂಗ್ ಟೈಮ್ ಬದಲಾಗಿದ್ದು ಹೂತುಹೋಗಿರುತ್ತೆ. ಅದನ್ನ ನೋಡದೇ ನೀವು ಅದಕ್ಕೂ ಹೆಬ್ಬೆರಳು ಎತ್ತಿರ್ತೀರಿ!

ಹಾಗಂತ ಕಂಪ್ಯೂಟರ್ ನಮಗೆ ಒಗ್ಗೋದೇ ಇಲ್ಲ ಅಂತೇನಿಲ್ಲ ಕಣ್ರೀ. ನಮ್ಮ ರಾಜ್ಯ ಸರ್ಕಾರದ 'ಭೂಮಿ' ಯೋಜನೆ ನೆನಪಿದೆಯಾ? ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿ ಕಂಪ್ಯೂಟರಿಗೆ ಏರಿತು. ಆಗ ತಾಲ್ಲೂಕು ಕಚೇರಿ ಕಿಟಕೀಲಿ 15 ರೂಪಾಯಿ ಕೊಟ್ರೆ ಪ್ರಿಂಟು ಕೈಗೆ ಬರ್ತಿತ್ತು. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು, ಸಿಬ್ಬಂದಿ ಲಾಗಿನ್ ಆಗೋಕೆ ಬೆರಳ ಗುರುತು.

ಆದ್ರೆ ಗುಟ್ಟು ಕಂಪ್ಯೂಟರಲ್ಲಿರ್ಲಿಲ್ಲ, ಹತ್ರ ಬನ್ನಿ ಹೇಳ್ತೀನಿ. ಸರ್ಕಾರದೋರು ಕೈಬರಹದ ಪಹಣಿ ಇನ್ನು ಮುಂದೆ ನಡೆಯೋದಿಲ್ಲ ಅಂದ್ಬಿಟ್ರು! ಹಳೇದನ್ನ ನಿಲ್ಲಿಸಿದ್ರು. ನಿಮ್ಮ ಆಫೀಸಲ್ಲಿ ಆ ಧೈರ್ಯ ಯಾರಿಗಿದೆ ಹೇಳಿ? ಬಯೋಮೆಟ್ರಿಕ್ ಬಂದು ಎಷ್ಟು ಕಾಲವಾಯ್ತು, ಹಾಜರಿ ಪುಸ್ತಕ ಇನ್ನೂ ಅದೇ ಮೇಜಿನ ಮೇಲೆ ಕೂತಿದೆ. ನೀವು ಎರಡಕ್ಕೂ ಬೆರಳು ಕೊಡ್ತಿದೀರಿ, ಒಂದಕ್ಕೆ ಒತ್ತೋಕೆ, ಒಂದಕ್ಕೆ ಬರೆಯೋಕೆ.

ಇನ್ನು ಆಫೀಸಿನ ಫೇಸ್‌ಬುಕ್ ಪೇಜಿನ ಕಥೆ ಕೇಳಲೇಬೇಡಿ. ಹೊರಗುತ್ತಿಗೆಯ ಒಬ್ಬ ಹುಡುಗ, ಡೇಟಾ ಎಂಟ್ರಿಗೆ ಬಂದೋನು, "ನಿನಗೆ ಇದೆಲ್ಲ ಬರುತ್ತಲ್ಲಪ್ಪಾ" ಅಂತ ಅವನ ತಲೆಗೆ ಕಟ್ಟಿರ್ತಾರೆ. ಪೇಜು ತುಂಬ ದೀಪ ಬೆಳಗೋ ಫೋಟೋ, ಶಾಲು ಹೊದಿಸೋ ಫೋಟೋ. ಲೈಕ್ ಒತ್ತಿರೋರು ಅಷ್ಟೂ ಜನ ಸಿಬ್ಬಂದಿ. (ಒತ್ತದೇ ಇದ್ದೋರ ಪಟ್ಟಿ ಮೇಲಿನವರ ತಲೇಲಿರುತ್ತೆ ಅಂತ ನಿಮಗೂ ಗೊತ್ತು.) ಕೆಳಗೆ ಯಾರೋ ಪಾಪ, "ನಮ್ಮ ಬೀದಿ ದೀಪ ಉರೀತಿಲ್ಲ" ಅಂತ ಬರೆದಿದ್ರೆ ಅದಕ್ಕೂ ಯಾರೋ ಅವಸರದಲ್ಲಿ "ಅಭಿನಂದನೆಗಳು ಸಾರ್" ಅಂದಿರ್ತಾರೆ.

ಒಂದಿನ ಆ ಹುಡುಗ ಬೇರೆ ಕೆಲಸ ಹಿಡಿದು ಹೋಗ್ತಾನೆ. ಪಾಸ್‌ವರ್ಡೂ ಅವನ ಜೊತೆ ಹೊರಡುತ್ತೆ. ಸರಿ, ರೀಸೆಟ್ ಮಾಡೋಣ ಅಂದ್ರೆ ಓಟಿಪಿ ಎಲ್ಲಿಗೆ ಹೋಗುತ್ತೆ? ಟ್ರಾನ್ಸ್‌ಫರ್ ಆಗಿ ಬೀದರಿಗೆ ಹೋಗಿರೋ ಹಳೇ ಸಾಹೇಬ್ರ ಮೊಬೈಲಿಗೆ! ಹೊಸ ಸಾಹೇಬ್ರಿಗೂ ಅವರಿಗೂ ಮಾತಿಲ್ಲ. ಈಗ ಫೋನ್ ಮಾಡೋರ್ಯಾರು? ನಿಮ್ಮ ಕಡೆ ತಿರುಗ್ತಾರೆ ನೋಡಿ.

ಇದೆಲ್ಲ ಸಾಕಪ್ಪ, ಆ ವಾಟ್ಸಾಪ್ ಗ್ರೂಪಿಂದಾನೇ ಆಚೆ ಹೋಗ್ತೀನಿ ಅಂತೀರಾ? ಹೋಗ್ಬಹುದು. ಸದ್ದಿಲ್ಲದೆ ಜಾರೋ ಅನುಕೂಲ ವಾಟ್ಸಾಪಿನೋರು 2022ರಲ್ಲೇ ಮಾಡಿಕೊಟ್ಟಿದಾರೆ. ಮೊದಲಿನ ಥರ ಎಲ್ಲರಿಗೂ ಡಂಗುರ ಆಗಲ್ಲ, ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತೆ. ಅಂದಹಾಗೆ, ನಿಮ್ಮ ಗ್ರೂಪಿನ ಅಡ್ಮಿನ್ ಯಾರು? ಸಾಹೇಬ್ರೇ ತಾನೇ?

ಮ್ಯೂಟ್ ಒತ್ತಿ, ಸುಮ್ನಿರಿ.