ಗಾಡಿ ಮಾವ

ಪ್ರತಿ ಬಳಗಕ್ಕೂ ಒಬ್ಬ ಗಾಡಿ ಮಾವ ಇದ್ದೇ ಇರುತ್ತಾರೆ. ಹೆಣ್ಣು ನೋಡುವುದಕ್ಕೆ, ಸೈಟು ನೋಡುವುದಕ್ಕೆ ಬೇರೆ ಹಿರಿಯರಿದ್ದಾರೆ; ಸೆಕೆಂಡ್ ಹ್ಯಾಂಡ್ ಕಾರು ನೋಡುವುದಕ್ಕೆ ಮಾತ್ರ ಇವರೇ ಆಗಬೇಕು. ಹಾಗಂತ ಇವರೇನೂ ಮೆಕ್ಯಾನಿಕ್ ಅಲ್ಲ. ಖಜಾನೆಯಲ್ಲೋ ಕೆಇಬಿಯಲ್ಲೋ ದುಡಿದು ರಿಟೈರ್ ಆದವರು. ಆದರೆ ಹಿಂದೆ ಯಾವುದೋ ಕಾಲದಲ್ಲಿ ಒಂದು ಭಾನುವಾರ ಅಂಬಾಸಿಡರ್ ಕಾರಿನ ಕಾರ್ಬುರೇಟರನ್ನು ತಾವೇ ಬಿಚ್ಚಿ, ತಾವೇ ಜೋಡಿಸಿ, ಕೊನೆಗೆ ಒಂದು ಸ್ಕ್ರೂ ಉಳಿದರೂ ಗಾಡಿ ಸ್ಟಾರ್ಟ್ ಆಗಿತ್ತಂತೆ. ಅವತ್ತಿನಿಂದ ಬಳಗದಲ್ಲಿ ಗಾಡಿ ವಿಷಯಕ್ಕೆ ಇವರದೇ ಕೊನೆ ಮಾತು. ಉಳಿದ ಸ್ಕ್ರೂ ಈಗಲೂ ಶೋಕೇಸಿನಲ್ಲಿ ಮಕ್ಕಳ ಕಪ್ಪುಗಳ ಪಕ್ಕ ಇದೆ.

ಕಾರು ತಗೋಬೇಕು ಅಂತ ಯಾರಾದರೂ ಬಾಯಿ ತೆರೆದರೆ ಮಾವ ದುಡ್ಡು ಎಷ್ಟಿದೆ ಅಂತ ಕೇಳುವುದಿಲ್ಲ, "ಯಾವತ್ತು ಹೋಗೋಣ?" ಅಂತಾರೆ. ಬೆಳಿಗ್ಗೆ ಏಳಕ್ಕೇ ಹೋಗಬೇಕು, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು ಎಂಬುದು ಅವರದೇ ಸೂತ್ರ. ಸೂತ್ರವೇನೋ ಸರಿಯೇ. ರಾತ್ರಿಯಿಡೀ ನಿಂತ ಎಂಜಿನ್ ಸುಳ್ಳು ಹೇಳುವುದು ಕಷ್ಟ. ಮೊದಲ ಸ್ಟಾರ್ಟಿಗೆ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಬಿಳಿ ಹೊಗೆ ನಿಲ್ಲದೆ ಬರುತ್ತಲೇ ಇದ್ದರೆ ಕೂಲೆಂಟ್ ಒಳಗೆ ಸೇರುತ್ತಿದೆ. ಬಿಸಿಯಾದ ಮೇಲೆ ಎಷ್ಟೋ ಎಂಜಿನ್‌ಗಳು ಸಂಭಾವಿತರ ಹಾಗೆ ನಟಿಸುತ್ತವೆ. ಆದರೆ ಮಾವನ ಸ್ನಾನ, ಪೂಜೆ, ಪೇಪರು, ಎರಡನೇ ಕಾಫಿ ಎಲ್ಲ ಮುಗಿದು, ದಾರಿಯಲ್ಲಿ ಒಂದು ಮಸಾಲೆ ದೋಸೆಯೂ ಆಗಿ ಯಾರ್ಡ್ ತಲುಪುವಾಗ ಹನ್ನೊಂದೂವರೆ. ಅಷ್ಟರಲ್ಲಿ ಬ್ರೋಕರ್ ಗಾಡಿಯನ್ನು ಎರಡು ರೌಂಡ್ ಓಡಿಸಿ, ನೀರು ಹೊಡೆಸಿ, ಡ್ಯಾಶ್‌ಬೋರ್ಡಿಗೆ ಪಾಲಿಶ್ ಒರೆಸಿ, ಒಳಗಿನ ಪುಟ್ಟ ಗಣಪತಿಗೆ ಊದುಬತ್ತಿ ಹಚ್ಚಿ ನಿಲ್ಲಿಸಿರುತ್ತಾನೆ. ಮಾವ ಬಾನೆಟ್ ಮೇಲೆ ಅಂಗೈ ಇಟ್ಟು, "ಒಳ್ಳೇ ಕಾವಿದೆ" ಎಂದು ಮೆಚ್ಚಿಕೊಳ್ಳುತ್ತಾರೆ.

ನನ್ನ ಭಾಮೈದನಿಗೆ 2016ರ ಮಾಡೆಲ್ಲಿನ ಒಂದು ಸಣ್ಣ ಕಾರು ನೋಡಲು ಬೆಂಗಳೂರಿನ ರಿಂಗ್ ರೋಡಿನ ಪಕ್ಕದ ಯಾರ್ಡಿಗೆ ಹೋದಾಗ ನಾನೂ ಜೊತೆಗಿದ್ದೆ. ಬ್ರೋಕರ್ ಶುರು ಮಾಡಿದ್ದೇ "ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್, ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ" ಅಂತ. ನಮ್ಮ ಯಾರ್ಡುಗಳಲ್ಲಿರುವ ಡಾಕ್ಟರ್ ಗಾಡಿಗಳನ್ನೆಲ್ಲ ಲೆಕ್ಕ ಹಾಕಿದರೆ ರಾಜ್ಯದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಹುದ್ದೆ ಖಾಲಿ ಇರಬಾರದು. ಮಾವ ಆ ಮಾತಿಗೆ ಕಿವಿಗೊಡಲಿಲ್ಲ. ಜೇಬಿನಿಂದ ಆಯಸ್ಕಾಂತ ತೆಗೆದರು. ಅತ್ತೆಯ ಫ್ರಿಜ್ಜಿನಿಂದ ಕಿತ್ತು ತಂದದ್ದು. ಮೇಲೆ ತಿರುಪತಿ ತಿಮ್ಮಪ್ಪನಿದ್ದಾನೆ. ತಗಡಿನ ಮೇಲೆ ದಪ್ಪಗೆ ಪಟ್ಟಿ ಹಾಕಿ ಬಣ್ಣ ಹೊಡೆದಿದ್ದರೆ ಆಯಸ್ಕಾಂತ ಹಿಡಿಯುವುದಿಲ್ಲ, ಅಲ್ಲಿ ಟಿಂಕರಿಂಗ್ ಆಗಿದೆ ಅಂತ ಲೆಕ್ಕ. ತಿಮ್ಮಪ್ಪ ನಾಲ್ಕೂ ಬಾಗಿಲ ಮೇಲೆ ಗಟ್ಟಿಯಾಗಿ ನಿಂತ. ಮುಂದಿನ ಬಂಪರಿಗೆ ಇಟ್ಟ ಕೂಡಲೇ ನೆಲಕ್ಕೆ ಬಿದ್ದ.

"ಸಿಕ್ಕಿಬಿದ್ದೆಯಲ್ಲಯ್ಯಾ!" ಮಾವ ಕೂಗಿದರು. "ಪೂರಾ ಪಟ್ಟಿ!"

"ಯಜಮಾನ್ರೇ, ಬಂಪರ್ ಪ್ಲಾಸ್ಟಿಕ್ಕು" ಅಂದ ಬ್ರೋಕರ್, ತಿಮ್ಮಪ್ಪನನ್ನು ಎತ್ತಿ ಕಣ್ಣಿಗೊತ್ತಿಕೊಂಡು ವಾಪಸ್ ಕೊಡುತ್ತಾ.

ಬೇರೆ ಯಾರೇ ಆಗಿದ್ದರೂ ಅಲ್ಲಿಗೇ ತಣ್ಣಗಾಗುತ್ತಿದ್ದರು. ಮಾವ ಬಾನೆಟ್ ಎತ್ತಿಸಿದರು. ಅವರ ವಿದ್ಯೆಯೆಲ್ಲ ಅಂಬಾಸಿಡರಿನಲ್ಲಿ ಶುರುವಾಗಿ ಮಾರುತಿ 800ರಲ್ಲಿ ಮುಗಿದದ್ದು. 1983ರ ಕೊನೆಯಲ್ಲಿ ಬಂದು 2014ರಲ್ಲಿ ತಯಾರಿ ನಿಂತ ಆ ಕಾರಿನ ಬಾನೆಟ್ ಕೆಳಗೆ ಏನಿದೆ ಅಂತ ಕಣ್ಣು ಮುಚ್ಚಿಕೊಂಡೂ ಹೇಳಬಲ್ಲರು. ಈಗಿನ ಗಾಡಿಗಳಲ್ಲಿ ಬಾನೆಟ್ ಎತ್ತಿದರೆ ಕಾಣುವುದು ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ, ಅದರ ಮೇಲೆ ಕಂಪನಿ ಹೆಸರು. ಮಾವ ಆ ಹೆಸರನ್ನು ಎರಡು ಸಲ ಓದಿದರು. ಆಮೇಲೆ ಒಂದು ವೈರನ್ನು ಅಲ್ಲಾಡಿಸಿ, "ಹೂಂ" ಅಂದರು. ಭಾಮೈದ ಸ್ಟೀರಿಂಗ್ ಕೆಳಗೆ ಚುಚ್ಚುವ ಪುಟ್ಟ ಸ್ಕ್ಯಾನರ್ ತಂದಿದ್ದ. ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಅದು ಫೋನಿನಲ್ಲಿ ತೋರಿಸುತ್ತದೆ. ಮಾವನಿಗೆ ಅದು ಅವಮಾನ. "ಅದು ಲ್ಯಾಬ್ ರಿಪೋರ್ಟ್ ಕಣೋ. ನಾನು ನಾಡಿ ಹಿಡಿದು ಹೇಳ್ತೀನಿ" ಎಂದು ಅದನ್ನು ಜೇಬಿಗೆ ಸೇರಿಸಿಬಿಟ್ಟರು.

ನಾಡಿಗೆ ಸಿಗದ ಸಂಗತಿಗಳೂ ಅಲ್ಲೇ ಇದ್ದವು. ಮೀಟರ್ 38 ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಈ ಗಾಡಿಯ ನಾಲ್ಕು ಟೈರೂ 2021ರವು, ಮೇಲಾಗಿ ಆಗಲೇ ಅರ್ಧ ಸವೆದಿದ್ದವು. ಕ್ಲಚ್ ಪೆಡಲಿನ ರಬ್ಬರು ಮಾತ್ರ ಅಂಗಡಿಯಿಂದ ಈಗಷ್ಟೇ ಬಂದ ಹಾಗೆ ಹೊಳೆಯುತ್ತಿತ್ತು. ಭಾಮೈದ ಮೆಲ್ಲಗೆ, "ಮಾವ, ಮೀಟರ್ ಹಿಂದಕ್ಕೆ ತಿರುಗಿಸಿರಬಹುದಾ?" ಅಂದ. ಮಾವ ನಕ್ಕರು. "ಡಾಕ್ಟ್ರು ಕಣೋ, ಧಾರಾಳಿ ಇರ್ತಾರೆ. ನೋಡು, ರಬ್ಬರ್ ಕೂಡ ಹೊಸದು ಹಾಕಿಸಿದಾರೆ."

ಇಲ್ಲೇ ನನಗೆ ಈ ವ್ಯಾಪಾರದ ಗುಟ್ಟು ಹೊಳೆದದ್ದು. ಬ್ರೋಕರಿಗೆ ಗಾಡಿ ಮಾವಂದಿರ ಭಯವಿದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಸುಳ್ಳು. ಅವರು ಬರಲಿ ಅಂತಲೇ ಅವನು ಕಾಯುತ್ತಾನೆ. ಒಂಟಿಯಾಗಿ ಬಂದ ಗಿರಾಕಿ ಬ್ರೋಕರನ್ನು ಜನ್ಮದಲ್ಲಿ ನಂಬುವುದಿಲ್ಲ. ನೋಡುತ್ತಾನೆ, ಯೋಚಿಸಿ ಹೇಳ್ತೀನಿ ಅಂತಾನೆ, ಹೋಗುತ್ತಾನೆ. ಮಾವನ ಜೊತೆ ಬಂದವನು ಬ್ರೋಕರನ್ನು ನಂಬಬೇಕಾಗಿಯೇ ಇಲ್ಲ, ಮಾವನನ್ನು ನಂಬಿದರೆ ಸಾಕು. ಮಾವನನ್ನು ಒಪ್ಪಿಸುವುದೇನು ಮಹಾ? ಅವರು ಹುಡುಕಿ ಹಿಡಿಯಲಿ ಅಂತ ಒಂದೆರಡು ಹುಳುಕನ್ನು ಹಾಗೇ ಬಿಟ್ಟಿರಬೇಕು, ಅಷ್ಟೇ. ಒಡೆದ ವೈಪರ್, ಕೆಲಸ ಮಾಡದ ಹಿಂದಿನ ಕಿಟಕಿಯ ಸ್ವಿಚ್ಚು, ಗಾಳಿ ಇಲ್ಲದ ಸ್ಟೆಪ್ನಿ. ಮಾವ ಒಂದೊಂದನ್ನೂ ಪತ್ತೆ ಮಾಡಿದಾಗ ಬ್ರೋಕರ್ ತಲೆ ತಗ್ಗಿಸುತ್ತಾನೆ. "ನಿಮ್ಮಂಥ ದೊಡ್ಡೋರ ಮುಂದೆ ಮುಚ್ಚಿಡೋಕಾಗುತ್ತಾ?" ಅಂತಾನೆ. ಹತ್ತು ಸಾವಿರ ಇಳಿಸುತ್ತಾನೆ. ಅದನ್ನು ಬೆಳಿಗ್ಗೆಯೇ ಏರಿಸಿಟ್ಟಿರುತ್ತಾನೆ ಎಂಬುದು ಬೇರೆ ಮಾತು. ಮೇಲೊಂದು ಸೀಟ್ ಕವರ್. ವಾಪಸ್ ಬರುವಾಗ ಮಾವ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು, "ಅವನ ಮುಖ ನೋಡಿದೆಯಾ? ಕೈಯಿಂದ ಹಾಕ್ಕೊಂಡು ಕೊಟ್ಟಿದಾನೆ ಪಾಪ" ಎಂದು ಮರುಗುತ್ತಾರೆ. ಸಂಬಳವಿಲ್ಲದ ಸೇಲ್ಸ್‌ಮನ್ನನ್ನು ದೇವರು ಹೀಗೆ ಪ್ರತಿ ಬಳಗದಲ್ಲೂ ಬ್ರೋಕರಿಗಾಗಿ ಸೃಷ್ಟಿಸಿಟ್ಟಿದ್ದಾನೆ.

ಗಾಡಿ ತಂದ ಮೇಲೆ ಗ್ಯಾರೇಜಿಗೆ ಹೋಗಲೇಬೇಕು. ಅಲ್ಲಿ "ನಮ್ಮ ಹುಡುಗ" ಇದ್ದಾನೆ. ಹುಡುಗನಿಗೆ ಐವತ್ತೈದು ದಾಟಿದೆ. ಬಾನೆಟ್ ಎತ್ತಿದ ಮೆಕ್ಯಾನಿಕ್ ಆಡುವ ಮೊದಲ ಮಾತು ಎಲ್ಲ ಊರಿನಲ್ಲೂ ಒಂದೇ: "ಯಾರ್ ಸಾರ್ ಈ ಗಾಡಿ ಕೆಲಸ ಮಾಡಿದ್ದು?" ಏಸಿ ತಣ್ಣಗಾಗುತ್ತಿಲ್ಲ ಅಂತ ಹೋದರೆ ಲಿಂಕ್ ರಾಡ್ ಹೋಗಿದೆ, ಬುಷ್ ಹೋಗಿದೆ, ಎಂಜಿನ್ ಮೌಂಟಿಂಗ್ ಹೋಗಿದೆ. ಎಲ್ಲ ಸೇರಿ ಎಷ್ಟಾಗುತ್ತೆ ಅಂದರೆ, "ಬಿಚ್ಚಿದ ಮೇಲೆ ಹೇಳ್ತೀನಿ." ಬಿಚ್ಚಿದ ಮೇಲೆ ಗಾಡಿ ಅವನದು. ಪಾರ್ಟ್ಸ್ ಜೆ.ಸಿ. ರಸ್ತೆಯಿಂದ ಬರಬೇಕು, ಒರಿಜಿನಲ್ ಬೇಕಾ ಲೋಕಲ್ ಬೇಕಾ, ಬಿಲ್ ಬೇಕಾ ಬೇಡ್ವಾ, ಒಂದೊಂದಕ್ಕೂ ಒಂದೊಂದು ರೇಟು.

ಮಾವ ಇಲ್ಲೂ ಗಟ್ಟಿ. ಬದಲಾಯಿಸಿದ ಹಳೆ ಪಾರ್ಟ್ ಕಣ್ಣಾರೆ ನೋಡದೆ ದುಡ್ಡು ಕೊಡುವುದಿಲ್ಲ. ಕ್ಲಚ್ ಪ್ಲೇಟ್ ಹಾಕಿಸಿದ ದಿನ ಹುಡುಗ ಒಳಗೆ ಹೋಗಿ, ಹಳೇ ನ್ಯೂಸ್ ಪೇಪರಿನಲ್ಲಿ ಸುತ್ತಿದ ಒಂದು ಪ್ಲೇಟ್ ತಂದ. ಮಾವ ಅದನ್ನು ಅಂಗೈ ಮೇಲೆ ತೂಗಿ, ಬೆರಳಲ್ಲಿ ಸವರಿ, ಭಾಮೈದನ ಮೂಗಿನ ಹತ್ತಿರ ಹಿಡಿದು, "ಹೆಂಗೆ ಸವೆದಿದೆ ನೋಡು. ಇನ್ನೊಂದು ವಾರ ಓಡಿಸಿದ್ದರೆ ನಡುರಸ್ತೆಯಲ್ಲಿ ನಿಲ್ಲೋದು" ಅಂದರು. ನಾನು ನೋಡಿದೆ. ಪ್ಲೇಟಿನ ಮೇಲಿದ್ದದ್ದು ಬೇರೆ ಕಂಪನಿ ಕಾರಿನ ಗುರುತು. ಸುತ್ತಿದ್ದ ಪೇಪರಿನಲ್ಲಿ ಅದಕ್ಕೂ ಎರಡು ವರ್ಷ ಹಿಂದಿನ ಯುಗಾದಿ ಜಾಹೀರಾತಿತ್ತು. ಆ ಪ್ಲೇಟ್ ಎಷ್ಟು ಮಂದಿ ಮಾವಂದಿರ ಅಂಗೈ ಕಂಡಿದೆಯೋ! ಹುಡುಗ ಅದನ್ನು ಮತ್ತೆ ಜೋಪಾನವಾಗಿ ಸುತ್ತಿ ಒಳಗಿಟ್ಟ.

ಇಷ್ಟೆಲ್ಲ ಪರೀಕ್ಷೆ ಮಾಡುವ ಮಾವ ಕೈಯಲ್ಲಿ ಹಿಡಿದೂ ನೋಡದ ವಸ್ತು ಒಂದಿದೆ: ಕಾಗದ ಪತ್ರ. ಅದು ಅವರಿಗೆ ಗುಮಾಸ್ತರ ಕೆಲಸ. ಗಾಡಿ ಮಾರುವಾಗ ಫಾರಂ 29, 30ಕ್ಕೆ ಸೈನ್ ಹಾಕಬೇಕು, ಬೇರೆ ಆರ್‌ಟಿಒ ಆದರೆ ಎನ್‌ಒಸಿಗೆ ಫಾರಂ 28, ಸಾಲ ತೀರಿದ್ದರೆ ಎಚ್‌ಪಿ ತೆಗೆಸಲು ಫಾರಂ 35. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವನು 30 ದಿನದೊಳಗೆ. ನಡೆಯುವುದು ಬೇರೆ. ಕೊಳ್ಳುವವನ ಹೆಸರಿನ ಜಾಗ ಖಾಲಿ ಬಿಟ್ಟು ಸೈನ್ ಹಾಕಿಸಿಕೊಳ್ಳುತ್ತಾರೆ. ಗಾಡಿ ಮೂರು ಕೈ ದಾಟಿದರೂ ಆರ್‌ಸಿಯಲ್ಲಿ ಮೊದಲನೆಯವನೇ ಯಜಮಾನ. ಅಂಥ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. 2023ರ ಏಪ್ರಿಲ್‌ನಿಂದ ಹಳೆ ಗಾಡಿ ಮಾರುವ ಡೀಲರುಗಳು ಆರ್‌ಟಿಒ ಅಧಿಕೃತ ಪತ್ರ ಪಡೆಯಬೇಕು, ಗಾಡಿ ತಮ್ಮ ಕೈಗೆ ಬಂದದ್ದನ್ನು ತಿಳಿಸಬೇಕು ಎಂಬ ನಿಯಮವೂ ಬಂತು. ಅದೇ ವರ್ಷದ ಫೆಬ್ರವರಿಯಲ್ಲಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ನಮ್ಮ ಬೀದಿಯ ಮೇಷ್ಟರೊಬ್ಬರು ತಮ್ಮ ಸ್ಕೂಟರಿನ ಬಾಕಿ ಕಟ್ಟೋಣ ಅಂತ ಹೋದರು. ಎಂದೋ ಮಾರಿದ ಕಾರು ಊರೆಲ್ಲ ಸಿಗ್ನಲ್ ಹಾರಿಕೊಂಡು ಅವರ ಹೆಸರಿನಲ್ಲಿ ಇನ್ನೂ ತಿರುಗುತ್ತಿರುವುದು ಅಲ್ಲಿ ಗೊತ್ತಾಯಿತು. ಅವರಿಗೆ ಆ ಕಾರು ಮಾರಿಸಿಕೊಟ್ಟವರು ಯಾರೆಂದು ಹೇಳಬೇಕಾಗಿಲ್ಲ.

ಕಳೆದ ದೀಪಾವಳಿ ಹೊತ್ತಿಗೆ ಭಾಮೈದ ಆ ಕಾರನ್ನೂ ಮಾರಲು ಹೊರಟ. ಅದೇ ಯಾರ್ಡು, ಅದೇ ಬ್ರೋಕರ್. ನೋಡಲು ತುಮಕೂರಿನಿಂದ ಒಂದು ಸಂಸಾರ ಬಂದಿತ್ತು. ಅವರ ಜೊತೆ ತಲೆಗೆ ಟೊಪ್ಪಿ, ಕೈಯಲ್ಲಿ ಟಾರ್ಚು ಹಿಡಿದ ಒಬ್ಬ ಹಿರಿಯರು. ಅವರೂ ಜೇಬಿನಿಂದ ಆಯಸ್ಕಾಂತ ತೆಗೆದರು. ಇವರದರ ಮೇಲೆ ಧರ್ಮಸ್ಥಳದ ಮಂಜುನಾಥ. ಸೀದಾ ಬಂಪರಿಗೇ ಇಟ್ಟರು, ಬಿತ್ತು. ಮಾವ ಮುಂದೆ ಬಂದು, "ಸ್ವಾಮೀ, ಬಂಪರ್ ಪ್ಲಾಸ್ಟಿಕ್ಕು" ಎಂದು ಎತ್ತಿಕೊಟ್ಟರು. ಹಿರಿಯರು ಮಾವನನ್ನು ಅಡಿಯಿಂದ ಮುಡಿವರೆಗೆ ನೋಡಿ, "ನಿಮಗೂ ಗಾಡಿ ವಿಷಯ ಗೊತ್ತಾ?" ಅಂದರು. ಅಂಬಾಸಿಡರ್ ಬಂತು, ಕಾರ್ಬುರೇಟರ್ ಬಂತು, ಕಾಫಿ ಬಂತು. ಬಲಗಡೆ ಬಾಗಿಲಿನ ಬಣ್ಣ ಬೇರೆ ಅಂತ ಹಿರಿಯರು ಹಿಡಿದಾಗ, "ಟಚಪ್ ಅಷ್ಟೇ, ನಾಯಿ ಅಡ್ಡ ಬಂತು" ಅಂದವರು ಬ್ರೋಕರ್ ಅಲ್ಲ, ನಮ್ಮ ಮಾವ. ಹತ್ತು ಸಾವಿರ ಇಳಿಯಿತು. ಬ್ರೋಕರ್ ಫಾರಂ 29, 30 ತಂದು ಭಾಮೈದನ ಮುಂದಿಟ್ಟ. ಭಾಮೈದ ಪೆನ್ನು ಹಿಡಿದು, "ಇಲ್ಲಿ ಕೊಳ್ಳೋರ ಹೆಸರೇ ಬರೆದಿಲ್ವಲ್ಲ?" ಅಂದ.

"ಅದೆಲ್ಲ ಫಾರ್ಮಾಲಿಟಿ ಕಣೋ, ಸೈನ್ ಹಾಕು" ಅಂದರು ಮಾವ. "ಇವರು ಇನ್ನೊಂದು ಗಾಡಿ ತೋರಿಸ್ತಾರಂತೆ. ಅದೂ ಡಾಕ್ಟರದ್ದೇ."